.223 ರೈಫಲ್‌ಗೆ ಮನೆಯಲ್ಲೇ ತೋಟಾ ತುಂಬೋದು: ಎಲ್ಲಿಂದ ಶುರು ಮಾಡಲಿ?

ಬಾಯ್ಸಿ_ಕನ್ನಡಿಗ:

ಎಲ್ಲರಿಗೂ ನಮಸ್ಕಾರ. ಐಡಾಹೋದ ಬಾಯ್ಸಿ ಹತ್ತಿರ ಇದ್ದೇನೆ. ಗ್ರೀನ್ ಕಾರ್ಡ್ ಬಂದ ಮೇಲೆ ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿ, ಲೈಸೆನ್ಸ್ ಮಾಡಿಸಿ, ಒಂದು ಸೆಕೆಂಡ್ ಹ್ಯಾಂಡ್ ಬೋಲ್ಟ್ ಆಕ್ಷನ್ (ಪ್ರತಿ ಗುಂಡಿಗೂ ಬೋಲ್ಟ್ ಕೈಯಲ್ಲಿ ಎಳೆಯೋ ಥರದ್ದು) .223 ರೈಫಲ್ ತಗೊಂಡೆ. ದಪ್ಪ ಬ್ಯಾರೆಲ್. ಇಲ್ಲಿ ಆಲ್ಫಾಲ್ಫಾ ಬೆಳೆಯುವ ರೈತರೊಬ್ಬರ ಹೊಲದಲ್ಲಿ ನೆಲ ಅಳಿಲುಗಳ ಕಾಟ ವಿಪರೀತ, ಈ ಕಡೆಯವರು ವಿಸಲ್ ಪಿಗ್ ಅಂತ ಕರೆಯುತ್ತಾರಲ್ಲ ಅವು. ಮೇವು ತಿನ್ನೋದಲ್ಲದೆ ಹೊಲದ ತುಂಬ ಬಿಲ ತೋಡುತ್ತವೆ, ದನದ ಕಾಲು ಸಿಕ್ಕಿಕೊಳ್ಳುತ್ತೆ, ಕಟಾವು ಯಂತ್ರದ ಚಕ್ರ ಕುಸಿಯುತ್ತೆ. ಹಾಗಾಗಿ ವಸಂತ ಬಂತು ಅಂದ್ರೆ ಆ ರೈತರೇ ಫೋನ್ ಮಾಡಿ ಬಾ ಅಂತಾರೆ.

ಸಮಸ್ಯೆ ಏನಪ್ಪಾ ಅಂದ್ರೆ, ಒಂದು ಬೆಳಗ್ಗೆ ಕೂತರೆ ಡಬ್ಬಿಗಟ್ಟಲೆ ಗುಂಡು ಖಾಲಿ. ಜೇಬಿಗೆ ಕತ್ತರಿ. ಖಾಲಿ ಕೇಸುಗಳನ್ನೆಲ್ಲ (ಗುಂಡಿನ ಹಿತ್ತಾಳೆ ಕವಚ) ಆರಿಸಿಕೊಂಡು ಬಂದು ಬಕೆಟ್‌ನಲ್ಲಿ ಇಟ್ಟಿದ್ದೇನೆ, ಶೂಟಿಂಗ್ ರೇಂಜ್‌ನಲ್ಲಿ ಸಿಕ್ಕಿದ್ದೂ ಅದರಲ್ಲಿದೆ. ಮನೆಯಲ್ಲೇ ತುಂಬಿಕೊಂಡರೆ ನಿಜಕ್ಕೂ ದುಡ್ಡು ಉಳಿಯುತ್ತಾ? ಏನೇನು ಸಾಮಾನು ಬೇಕು? ಇನ್ನೊಂದು, ಇಲ್ಲಿ ಗಾಳಿ ಜಾಸ್ತಿ. 75 ಗ್ರೇನ್ (ತೂಕದ ಅಳತೆ) ಮ್ಯಾಚ್ ಬುಲೆಟ್, ಅಂದ್ರೆ ಕೇಸಿನ ತುದಿಯಿಂದ ಹಾರೋ, ಸ್ಪರ್ಧೆಗೆ ಬಳಸೋ ಬುಲೆಟ್, ಗಾಳಿಗೆ ಕಡಿಮೆ ಸರಿಯುತ್ತೆ ಅಂತಾರಲ್ಲ, ಅದನ್ನೇ ತರಿಸಲಾ? ಆಫೀಸಿನ ಗೆಳೆಯನೊಬ್ಬ ಪಾಲುದಾರನಾಗಿ ಬರ್ತೀನಿ, ಖರ್ಚು ಅರ್ಧರ್ಧ ಅಂತಿದ್ದಾನೆ. ಅವನು ಎಚ್‌1ಬಿ. ಏನಾದ್ರೂ ತೊಂದರೆ ಇದೆಯಾ?

ಹಿತ್ತಾಳೆ_ಭಟ್ಟ:

ಯೂಟಾದಿಂದ. ಮೊದಲು ಆ ಬುಲೆಟ್ ಆರ್ಡರ್ ನಿಲ್ಲಿಸಿ, ನಿಮ್ಮ ಬ್ಯಾರೆಲ್‌ನ ಟ್ವಿಸ್ಟ್ (ಬುಲೆಟ್ಟನ್ನ ತಿರುಗಿಸೋ ಒಳಗಿನ ಗೀರುಗಳ ಸುತ್ತು) ಎಷ್ಟು ಅಂತ ನೋಡಿ. ಹಳೇ .223 ವಾರ್ಮಿಂಟ್ (ಬೆಳೆಗೆ ಕಾಟ ಕೊಡೋ ಸಣ್ಣ ಪ್ರಾಣಿ) ರೈಫಲ್‌ಗಳಲ್ಲಿ ಬಹಳಷ್ಟು 1:12, ಅಂದ್ರೆ 12 ಇಂಚಿಗೆ ಒಂದು ಸುತ್ತು. ಅದರಲ್ಲಿ 55 ಗ್ರೇನ್‌ವರೆಗೆ ಚೆನ್ನಾಗಿ ಹೋಗುತ್ತೆ. 75 ಗ್ರೇನ್‌ನ ಉದ್ದ ಬುಲೆಟ್ ಅದರಲ್ಲಿ ನೆಟ್ಟಗೆ ಹೋಗಲ್ಲ, ಮಗುಚಿ ಮಗುಚಿ ಹೋಗಿ ಕಾಗದದ ಮೇಲೆ ಅಡ್ಡಡ್ಡ ತೂತು ಮಾಡುತ್ತೆ. ಅದಕ್ಕೆ 1:9 ಅಥವಾ ಅದಕ್ಕಿಂತ ಬಿಗಿ ಟ್ವಿಸ್ಟ್ ಬೇಕು.

ಅಳೆಯೋದು ಸುಲಭ. ಮೊದಲು ಬೋಲ್ಟ್ ತೆಗೆದು ಗುಂಡಿಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ. ಹಿಡಿಕೆ ತಿರುಗುವಂಥ ಕ್ಲೀನಿಂಗ್ ರಾಡ್ ತಗೊಂಡು, ತುದಿಗೆ ಬಿಗಿಯಾಗಿ ಬಟ್ಟೆ ಸುತ್ತಿ ಬ್ಯಾರೆಲ್‌ಗೆ ಸ್ವಲ್ಪ ತೂರಿಸಿ. ರಾಡ್ ಮೇಲೆ ಮಾರ್ಕರ್‌ನಲ್ಲಿ ಒಂದು ಗುರುತು ಹಾಕಿ ನಿಧಾನಕ್ಕೆ ತಳ್ಳಿ. ಗುರುತು ಒಂದು ಸುತ್ತು ಬಂದು ಮತ್ತೆ ಮೇಲೆ ಬರುವಷ್ಟರಲ್ಲಿ ರಾಡ್ ಎಷ್ಟು ಇಂಚು ಒಳಗೆ ಹೋಯ್ತೋ ಅದೇ ನಿಮ್ಮ ಟ್ವಿಸ್ಟ್. ಬ್ಯಾರೆಲ್ ಮೇಲೆ ಬರೆದಿದ್ದರೂ ಒಮ್ಮೆ ಅಳೆದು ನೋಡಿ, ಸೆಕೆಂಡ್ ಹ್ಯಾಂಡ್ ಅಂದಿರಲ್ಲ, ಹಿಂದಿನವರು ಬ್ಯಾರೆಲ್ ಬದಲಾಯಿಸಿರಬಹುದು.

ಟ್ವಿಸ್ಟ್ ಬಿಗಿ ಇದ್ದಷ್ಟೂ ಒಳ್ಳೇದು ಅಂತಲೂ ಅಲ್ಲ. ವಾರ್ಮಿಂಟ್ ಬುಲೆಟ್‌ನ ತಾಮ್ರದ ಹೊದಿಕೆ ತೆಳು, ಬೇಕಂತಲೇ ಹಾಗೆ ಮಾಡಿರ್ತಾರೆ. ಸೆಕೆಂಡಿಗೆ 3200 ಅಡಿ ವೇಗದಲ್ಲಿ 1:12 ಬ್ಯಾರೆಲ್‌ನಿಂದ ಹೊರಟ ಬುಲೆಟ್ ನಿಮಿಷಕ್ಕೆ 1,92,000 ಸುತ್ತು ತಿರುಗುತ್ತೆ. ಅದೇ ವೇಗಕ್ಕೆ 1:7 ಬ್ಯಾರೆಲ್‌ನಲ್ಲಿ 3,29,000. ಕೆಲವು ತೆಳು ಬುಲೆಟ್‌ಗಳು ಆ ಸುತ್ತಿಗೆ ಗುರಿ ಮುಟ್ಟೋ ಮೊದಲೇ ಗಾಳಿಯಲ್ಲೇ ಚೂರಾಗುತ್ತವೆ. ನೆಲ ಅಳಿಲಿಗೆ 40ರಿಂದ 55 ಗ್ರೇನ್ ಸಾಕು. ಹಾರ್ನಡಿ ವಿ-ಮ್ಯಾಕ್ಸ್, ಸಿಯೆರಾ ಬ್ಲಿಟ್ಜ್‌ಕಿಂಗ್, ನಾಸ್ಲರ್ ಬ್ಯಾಲಿಸ್ಟಿಕ್ ಟಿಪ್, ಯಾವುದಾದ್ರೂ ಒಂದು ಹಿಡಿದು ಅದರಲ್ಲೇ ಪಳಗಿ.

ಈಗ ದುಡ್ಡಿನ ವಿಷಯ. ಒಂದು ಪೌಂಡ್ ಪೌಡರ್ ಅಂದ್ರೆ 7000 ಗ್ರೇನ್. ಬರೀ ಲೆಕ್ಕಕ್ಕೆ ಒಂದೊಂದಕ್ಕೆ 25 ಗ್ರೇನ್ ಅಂದ್ಕೊಂಡ್ರೆ ಒಂದು ಡಬ್ಬಕ್ಕೆ 280 ಗುಂಡು. ಆನ್‌ಲೈನ್‌ನಲ್ಲಿ ತರಿಸಿದರೆ ಪೌಡರ್, ಪ್ರೈಮರ್‌ಗೆ (ಕೇಸಿನ ತಳದಲ್ಲಿ ಕೂತು ಪೌಡರ್‌ಗೆ ಕಿಡಿ ಹೊತ್ತಿಸೋದು) ಹ್ಯಾಜ್‌ಮ್ಯಾಟ್, ಅಂದ್ರೆ ಅಪಾಯಕಾರಿ ಸಾಮಾನಿನ ಸಾಗಣೆ ಶುಲ್ಕ ಬೇರೆ, ಹಾಗಾಗಿ ಒಂದೊಂದೇ ಡಬ್ಬ ತರಿಸೋದು ನಷ್ಟ. ಸಾದಾ ಅಭ್ಯಾಸದ ಗುಂಡಿಗೆ ಹೋಲಿಸಿದರೆ ಉಳಿತಾಯ ಅಂಥದ್ದೇನಿಲ್ಲ. ಆದರೆ ಒಳ್ಳೇ ವಾರ್ಮಿಂಟ್ ಗುಂಡಿನ ಡಬ್ಬಿಗೆ ಹೋಲಿಸಿ ನೋಡಿ, ಅಲ್ಲಿ ವ್ಯತ್ಯಾಸ ಕಾಣುತ್ತೆ. ಹೀಗೆ ಶುರು ಮಾಡಿದವರು ದುಡ್ಡು ಉಳಿಸೋದನ್ನ ನಾನಂತೂ ನೋಡಿಲ್ಲ, ಅದೇ ದುಡ್ಡಿಗೆ ಜಾಸ್ತಿ ಹೊಡೀತಾರೆ ಅಷ್ಟೇ. ಲಾಭ ಇರೋದು ನಿಖರತೆಯಲ್ಲಿ. ನಿಮ್ಮ ರೈಫಲ್‌ಗೆ ಯಾವ ಬುಲೆಟ್, ಯಾವ ಪೌಡರ್ ಹೊಂದುತ್ತೆ ಅಂತ ಹುಡುಕಿ ಅದನ್ನೇ ತುಂಬಬಹುದು.

ಸಾಮಾನು: ಸಿಂಗಲ್ ಸ್ಟೇಜ್ ಪ್ರೆಸ್ (ಒಂದು ಸಲಕ್ಕೆ ಒಂದೇ ಹಂತ ಮಾಡೋ ಒತ್ತುಯಂತ್ರ) ಒಂದು, ಅದು ಲೀ ಕಂಪನಿಯದ್ದಾಗಲಿ ಆರ್‌ಸಿಬಿಎಸ್‌ದಾಗಲಿ. .223 ಡೈ ಸೆಟ್ (ಕೇಸನ್ನ ಮತ್ತೆ ಅಳತೆಗೆ ತರೋ, ಬುಲೆಟ್ ಕೂರಿಸೋ ಅಚ್ಚು), ಕೇಸು ಹಿಡಿಯೋ ಶೆಲ್ ಹೋಲ್ಡರ್, ಕೇಸಿಗೆ ಹಚ್ಚೋ ಜಿಡ್ಡು ಅಂದ್ರೆ ಕೇಸ್ ಲೂಬ್, ತಕ್ಕಡಿ, ಕ್ಯಾಲಿಪರ್, ಕೇಸಿನ ಉದ್ದ ಕತ್ತರಿಸೋ ಟ್ರಿಮ್ಮರ್, ಇತ್ತೀಚಿನ ಲೋಡಿಂಗ್ ಪುಸ್ತಕ. ಗಂಟೆಗೆ ನೂರಾರು ತುಂಬೋ ಪ್ರೋಗ್ರೆಸಿವ್ ಪ್ರೆಸ್ ಈಗ್ಲೇ ಬೇಡ. ಒಂದೊಂದೇ ಹಂತ ಕೈಯಲ್ಲಿ ಮಾಡಿದರೆ ಎಲ್ಲಿ ಏನಾಗ್ತಿದೆ ಅಂತ ಗೊತ್ತಾಗುತ್ತೆ. ಲೂಬ್ ಹಚ್ಚದೆ ಕೇಸನ್ನ ಡೈಗೆ ಹಾಕಿದ್ರೋ, ಅಲ್ಲೇ ಕಚ್ಕೊಂಡು ಕೂರುತ್ತೆ. ಜಾಸ್ತಿ ಹಚ್ಚಿದರೆ ಕೇಸಿನ ಭುಜದ ಹತ್ತಿರ, ಅಂದ್ರೆ ಅದು ಕಿರಿದಾಗೋ ಕಡೆ, ನೆಗ್ಗುತ್ತೆ. ಬೆರಳಿಗೆ ಜಿಡ್ಡು ಹತ್ತಿದಷ್ಟು ಸಾಕು.

ಆ ಬಕೆಟ್ ಬಗ್ಗೆ. ಕೇಸುಗಳನ್ನ ತಳದ ಮುದ್ರೆ ನೋಡಿ ಬೇರೆ ಬೇರೆ ಮಾಡಿ. ರೇಂಜ್‌ನಲ್ಲಿ ಸಿಕ್ಕಿದ್ರಲ್ಲಿ ಎಲ್‌ಸಿ ಮುದ್ರೆಯ ಲೇಕ್ ಸಿಟಿ ಮಿಲಿಟರಿ ಕೇಸುಗಳು ಇದ್ದೇ ಇರುತ್ತವೆ. ಅವುಗಳ ಪ್ರೈಮರ್ ಸುತ್ತ ಕ್ರಿಂಪ್ (ಪ್ರೈಮರ್ ಬೀಳದ ಹಾಗೆ ಒತ್ತಿದ ಅಂಚು) ಇರುತ್ತೆ, ಅದನ್ನ ತೆಗೆಯದೆ ಹೊಸ ಪ್ರೈಮರ್ ಕೂರಲ್ಲ. ಒತ್ತಿ ಕೂರಿಸೋಕೆ ಹೋಗಬೇಡಿ. ಕೇಸಿನ ಉದ್ದ 1.760 ಇಂಚು ದಾಟಬಾರದು, ದಾಟಿದ್ರೆ 1.750ಕ್ಕೆ ಟ್ರಿಮ್ ಮಾಡಿ. ಉದ್ದ ಜಾಸ್ತಿ ಆದ್ರೆ ಕೇಸಿನ ಬಾಯಿ ಚೇಂಬರ್‌ನಲ್ಲಿ (ಬ್ಯಾರೆಲ್‌ನಲ್ಲಿ ಗುಂಡು ಕೂರೋ ಜಾಗ) ಹಿಸುಕಿಕೊಂಡು ಬುಲೆಟ್ಟನ್ನ ಬಿಗಿ ಹಿಡಿಯುತ್ತೆ, ಒತ್ತಡ ಮೇಲೇರುತ್ತೆ. ಬುಡದಿಂದ ಸ್ವಲ್ಪ ಮೇಲೆ ಸುತ್ತಲೂ ಹೊಳೆಯೋ ಗೆರೆ ಕಂಡರೆ ಆ ಕೇಸು ಅಲ್ಲಿ ತುಂಡಾಗೋಕೆ ರೆಡಿ ಇದೆ ಅಂತ. ಪೇಪರ್ ಕ್ಲಿಪ್‌ನ ತುದಿ ಬಗ್ಗಿಸಿ ಒಳಗಡೆಯಿಂದ ಗೋಡೆಗೆ ಸವರಿ ನೋಡಿ, ಹಳ್ಳ ತಗುಲಿದರೆ ಇಕ್ಕಳದಲ್ಲಿ ಚಪ್ಪಟೆ ಮಾಡಿ ಬಿಸಾಕಿ.

ಎಷ್ಟು ಪೌಡರ್ ಹಾಕಬೇಕು ಅಂತ ಇಲ್ಲಿ ಕೇಳಬೇಡಿ, ಯಾರಾದ್ರೂ ಹೇಳಿದರೂ ನಂಬಬೇಡಿ. ಪುಸ್ತಕದಲ್ಲಿ ನಿಮ್ಮದೇ ಬುಲೆಟ್, ನಿಮ್ಮದೇ ಪೌಡರ್ ಇರೋ ಪುಟ ತೆಗೆದು, ಅದರಲ್ಲಿ ಕೊಟ್ಟಿರೋ ಆರಂಭದ ಅಳತೆಯಿಂದ ಸ್ವಲ್ಪ ಸ್ವಲ್ಪವೇ ಮೇಲೆ ಹೋಗಿ. ಗುರಿ ಒತ್ತಾಗಿ ಬಿದ್ದ ಕಡೆ ನಿಲ್ಲಿಸಿ, ಗರಿಷ್ಠ ಅಳತೆ ಮುಟ್ಟಲೇಬೇಕು ಅಂತೇನಿಲ್ಲ. ಬೋಲ್ಟ್ ಎತ್ತೋಕೆ ಬಿಗಿ ಆಯ್ತು, ಪ್ರೈಮರ್ ಚಪ್ಪಟೆ ಆಯ್ತು, ಕೇಸಿನ ತಳದಲ್ಲಿ ಎಜೆಕ್ಟರ್‌ನ (ಖಾಲಿ ಕೇಸನ್ನ ಹೊರಗೆ ತಳ್ಳೋ ಭಾಗ) ಹೊಳೆಯೋ ಗುರುತು ಬಿತ್ತು ಅಂದ್ರೆ ಅಲ್ಲಿಗೇ ನಿಲ್ಲಿಸಿ ಉಳಿದದ್ದನ್ನ ಬಿಚ್ಚಿ.

ನೇತ್ರಾವತಿ_ಟು_ನೆವಾಡ:

ಭಟ್ಟರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ, ಹವೆ. ಬಾಯ್ಸಿಯಲ್ಲಿ ಮಾರ್ಚ್ ಬೆಳಗ್ಗೆ ಕೈ ಮರಗಟ್ಟುತ್ತೆ, ಜೂನ್‌ನಲ್ಲಿ ತಲೆ ಸುಡುತ್ತೆ. ಎಚ್‌335 ಥರದ ಬಾಲ್ ಪೌಡರ್ ಮೆಷರ್‌ನಿಂದ (ಪೌಡರ್ ಅಳೆದು ಸುರಿಯೋ ಸಾಧನ) ನೀರಿನ ಹಾಗೆ ಸಲೀಸಾಗಿ ಇಳಿಯುತ್ತೆ, ತುಂಬೋಕೆ ಸುಖ, ಆದರೆ ಬಿಸಿಲಿಗೆ ಅದರ ಒತ್ತಡ ಏರುತ್ತೆ. ಚಳಿಯಲ್ಲಿ ಅಂಚಿನವರೆಗೆ ಹೋಗಿ ಸರಿ ಅನ್ನಿಸಿದ ಅಳತೆ ಬಿಸಿಲಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಕೂತು ಕಾದ ಮೇಲೆ ಬೇರೆಯೇ ಕಥೆ. ವಾರ್ಗೆಟ್, ಬೆಂಚ್‌ಮಾರ್ಕ್ ಅನ್ನೋ ಪೌಡರ್ ಎರಡೂ ಹವೆಗೆ ಅಷ್ಟಾಗಿ ಬಗ್ಗಲ್ಲ. ವಾರ್ಗೆಟ್‌ನ ಕಾಳು ಉದ್ದ, ಮೆಷರ್‌ನಲ್ಲಿ ಕಚ್ಚುತ್ತೆ. ಈ ಕೆಲಸಕ್ಕೆ ನನ್ನ ಓಟು ಬೆಂಚ್‌ಮಾರ್ಕ್‌ಗೆ.

ಬೆಂಚಿನ ಮೇಲೆ ಒಂದೇ ಪೌಡರ್ ಡಬ್ಬ ಇರಲಿ. .223ಯಲ್ಲಿ ಸರಿಯಾದ ರೈಫಲ್ ಪೌಡರ್ ಕೇಸಿನ ಬಹುಪಾಲು ತುಂಬುತ್ತೆ, ಎರಡು ಸಲ ಹಾಕಿದರೆ ಉಕ್ಕಿ ಚೆಲ್ಲುತ್ತೆ, ತಕ್ಷಣ ಗೊತ್ತಾಗುತ್ತೆ. ಪಿಸ್ತೂಲಿನ ಪೌಡರ್ ಡಬ್ಬ ಪಕ್ಕದಲ್ಲಿದ್ದು ಅದೇ ಕೈಗೆ ಬಂತು ಅಂದ್ರೆ ಒಳಗೆ ಆರಾಮಾಗಿ ಹಿಡಿಯುತ್ತೆ, ರೈಫಲ್ ಸಿಡಿಯುತ್ತೆ. ಬುಲೆಟ್ ಕೂರಿಸೋ ಮೊದಲು ಎಲ್ಲ ಕೇಸುಗಳನ್ನೂ ಬ್ಲಾಕ್‌ನಲ್ಲಿ (ಕೇಸು ನಿಲ್ಲಿಸೋ ತೂತಿನ ಹಲಗೆ) ನಿಲ್ಲಿಸಿ ಮೇಲಿಂದ ಟಾರ್ಚ್ ಬಿಟ್ಟು ನೋಡಿ, ಮಟ್ಟ ಒಂದೇ ಇರಬೇಕು. ಟಿವಿ ನೋಡ್ತಾ ತುಂಬೋರನ್ನ ಕಂಡರೆ ನನಗೆ ಮೈ ಉರಿಯುತ್ತೆ.

ಮನೆಯಲ್ಲಿ ಮಕ್ಕಳಿದ್ರೆ ಇನ್ನೊಂದು. ಸುಟ್ಟ ಪ್ರೈಮರ್‌ನ ಮಸಿಯಲ್ಲಿ ಸೀಸ ಇರುತ್ತೆ. ಕೇಸು ಉಜ್ಜಿ ಹೊಳಪು ಮಾಡೋ ಒಣ ಟಂಬ್ಲರ್ ಯಂತ್ರ ಮನೆಯೊಳಗೆ ಓಡಿಸಿದರೆ ಆ ದೂಳು ಮನೆಯೆಲ್ಲ. ಗ್ಯಾರೇಜ್‌ನಲ್ಲಿ ಓಡಿಸಿ ಅಥವಾ ನೀರಲ್ಲಿ ತೊಳೆಯೋ ಥರದ್ದು ತಗೊಳ್ಳಿ. ಕೈ ತೊಳೆಯದೆ ಊಟಕ್ಕೆ ಕೂರಬೇಡಿ.

ಸ್ಯಾನ್_ಹೋಸೆ_ಶೆಟ್ಟಿ:

ಗೆಳೆಯನ ವಿಷಯ ಯಾರೂ ಮುಟ್ಟಲೇ ಇಲ್ಲ, ಅದೇ ಎಲ್ಲಕ್ಕಿಂತ ಮುಖ್ಯ. ಎಚ್‌1ಬಿ ನಾನ್-ಇಮಿಗ್ರಂಟ್ ವೀಸಾ. ಅಂಥವರು ಬಂದೂಕಾಗಲಿ ಗುಂಡಾಗಲಿ ಇಟ್ಟುಕೊಳ್ಳೋದು ಫೆಡರಲ್ ಕಾನೂನಿನ 922(ಜಿ)(5) ಪ್ರಕಾರ ಅಪರಾಧ. ಅದರಲ್ಲೂ ಅಲ್ಲಿ ಗುಂಡು ಅಂದ್ರೆ ತುಂಬಿದ ಗುಂಡು ಮಾತ್ರ ಅಲ್ಲ. ಖಾಲಿ ಕೇಸು, ಪ್ರೈಮರ್, ಬುಲೆಟ್, ಪೌಡರ್ ಎಲ್ಲವೂ ಆ ವ್ಯಾಖ್ಯಾನದೊಳಗೆ ಬರುತ್ತೆ. ಅಂದ್ರೆ ಅವನ ಪಾಲು ಅಂತ ಒಂದು ಡಬ್ಬ ಪ್ರೈಮರ್ ಅವನ ಮನೆಯಲ್ಲಿ ಇಟ್ಟರೂ ಸಾಕು. ವಿನಾಯಿತಿ ಇದೆ: ಅಮೆರಿಕದ ಯಾವುದಾದ್ರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಹಂಟಿಂಗ್ ಲೈಸೆನ್ಸ್ ಅವನ ಹತ್ತಿರ ಇದ್ದರೆ ಇಟ್ಟುಕೊಳ್ಳಬಹುದು. ಲೈಸೆನ್ಸ್ ಮುಗಿದ ದಿನ ಆ ವಿನಾಯಿತಿಯೂ ಮುಗೀತು. ವೀಸಾ, ಗ್ರೀನ್ ಕಾರ್ಡ್ ಅಂತ ವರ್ಷಗಟ್ಟಲೆ ಕಾದವರಿಗೆ ಇಂಥ ಕ್ರಿಮಿನಲ್ ಕೇಸು ತಲೆ ಮೇಲೆ ಬಿದ್ದರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಾ? ಮೊದಲು ಕೋರ್ಸ್ ಮಾಡಿ ಲೈಸೆನ್ಸ್ ತಗೊಳ್ಳಲಿ, ವಕೀಲರನ್ನೂ ಒಮ್ಮೆ ಕೇಳಲಿ, ಆಮೇಲೆ ಪ್ರೆಸ್ ಹತ್ತಿರ ಬರಲಿ. ನಿಮಗೆ ಗ್ರೀನ್ ಕಾರ್ಡ್ ಇರೋದ್ರಿಂದ ಈ ತಕರಾರು ಇಲ್ಲ. ಸ್ವಂತಕ್ಕೆ ತುಂಬಿಕೊಳ್ಳೋಕೆ ಫೆಡರಲ್ ಲೈಸೆನ್ಸ್ ಬೇಡ. ಆದರೆ ತುಂಬಿದ್ದನ್ನ ಮಾರೋ ವ್ಯಾಪಾರಕ್ಕೆ ಇಳಿದರೆ ಬೇಕು.

ಮತ್ತೆ ಸೀಸ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಯಾವ ಕಾಡುಪ್ರಾಣಿಗೂ ಸೀಸದ ಗುಂಡು ಹೊಡೆಯೋ ಹಾಗಿಲ್ಲ. ಐಡಾಹೋದಲ್ಲಿ ಆ ನಿಯಮ ಇಲ್ಲ, ಆದರೂ ನೀವಿರೋ ಜಾಗ ನೋಡಿ. ಬಾಯ್ಸಿಯ ದಕ್ಷಿಣಕ್ಕೆ ಸ್ನೇಕ್ ನದಿಯ ಉದ್ದಕ್ಕೂ ಬೇಟೆಹಕ್ಕಿಗಳಿಗೆ ಅಂತಲೇ ಮೀಸಲಿಟ್ಟ ಪ್ರದೇಶ ಇದೆ. ಪ್ರೈರಿ ಫಾಲ್ಕನ್‌ಗಳು ಅಲ್ಲಿ ಮರಿ ಮಾಡೋದೇ ಈ ನೆಲ ಅಳಿಲುಗಳನ್ನ ನಂಬಿಕೊಂಡು. ಸತ್ತ ಅಳಿಲನ್ನ ಹೊಲದಲ್ಲೇ ಬಿಟ್ಟು ಬಂದ್ರೆ ಗಿಡುಗ, ಹದ್ದು, ಕಾಗೆ ಬಂದು ತಿಂತವೆ. ಒಳಗಿರೋ ಸೀಸದ ಚೂರೂ ಹೊಟ್ಟೆಗೆ ಹೋಗುತ್ತೆ. ನಾನು ಬಾರ್ನ್ಸ್ ಕಂಪನಿಯ 36 ಗ್ರೇನ್‌ನ ವಾರ್ಮಿಂಟ್ ಗ್ರೆನೇಡ್ ತುಂಬುತ್ತೀನಿ. ತಾಮ್ರ-ತವರದ ಪುಡಿ ಒತ್ತಿ ಮಾಡಿದ ತಿರುಳು, ಬಿದ್ದ ಕಡೆ ಪುಡಿ ಪುಡಿ. ಸೀಸ ಇಲ್ಲದ ಬುಲೆಟ್ ತೂಕಕ್ಕೆ ಹೋಲಿಸಿದರೆ ಉದ್ದ ಜಾಸ್ತಿ, ಹಾಗಾಗಿ ಟ್ವಿಸ್ಟ್ ಎಷ್ಟಿರಬೇಕು ಅಂತ ನೋಡ್ಕೊಳ್ಳಿ. ಪುಸ್ತಕದಲ್ಲಿ ಅದರದ್ದೇ ಪುಟದ ಅಳತೆ ಬಳಸಿ, ಸೀಸದ 40 ಗ್ರೇನ್‌ದು ಇದಕ್ಕೂ ನಡೆಯುತ್ತೆ ಅಂತ ಅಲ್ಲ.

ಇನ್ನೊಂದು, ಐಡಾಹೋದಲ್ಲಿ ಎಲ್ಲ ನೆಲ ಅಳಿಲೂ ಒಂದೇ ಅಲ್ಲ. ವ್ಯಾಲಿ, ಆಡಮ್ಸ್ ಕೌಂಟಿಗಳ ಕಡೆ ಇರೋ ನಾರ್ದರ್ನ್ ಐಡಾಹೋ ನೆಲ ಅಳಿಲಿಗೆ ಫೆಡರಲ್ ರಕ್ಷಣೆ ಇದೆ. ಯಾರಾದ್ರೂ ಆ ಕಡೆ ಕರೆದರೆ ವಿಚಾರಿಸಿಕೊಂಡು ಹೋಗಿ.

ಕಾಫಿತೋಟದವ:

ನಾನು ವಿರಾಜಪೇಟೆ ಕಡೆಯವನು, ಅಮೆರಿಕದ ರೈಫಲ್ ಬಗ್ಗೆ ನನಗೇನೂ ಗೊತ್ತಿಲ್ಲ, ಸುಮ್ನೆ ಓದ್ತಾ ಇದ್ದೆ. ಪ್ರೆಸ್, ಡೈ, ತಕ್ಕಡಿ ಅಂತ ಕೇಳಿ ಅಜ್ಜನ ಕೇಪಿನ ಕೋವಿ (ನಳಿಗೆಯ ಬಾಯಿಂದ ತುಂಬಿ, ಕೇಪು ಇಟ್ಟು ಸಿಡಿಸೋ ಹಳೇ ಬಂದೂಕು) ನೆನಪಾಯ್ತು. ಅದಕ್ಕೆ ಪ್ರತಿ ಈಡೂ ಕೈಯಲ್ಲೇ ತುಂಬೋದು. ಅಳತೆ ಮದ್ದು ನಳಿಗೆಗೆ ಸುರಿದು, ತೆಂಗಿನ ನಾರು ಇಟ್ಟು ಸರಳಿನಿಂದ ಗಿಡಿದು, ಚರೆ ಹಾಕಿ, ಮತ್ತೆ ನಾರು, ಕೊನೆಗೆ ಕೇಪು. ಮದ್ದು ಜಾಸ್ತಿ ಹಾಕೋ ಹುಡುಗರಿಗೆ ಅಜ್ಜ ಕೋವಿ ಮುಟ್ಟೋಕೇ ಬಿಡ್ತಿರಲಿಲ್ಲ.

ಇಲ್ಲಿಯವರು ಯಾರಾದ್ರೂ ಇದನ್ನ ಓದಿ ಪ್ರೆಸ್ ತರಿಸೋಕೆ ಹೊರಟರೆ ಒಂದು ಮಾತು. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸೋದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 5ರ ಪ್ರಕಾರ ಅಪರಾಧ. ಕೊಡವರಿಗೂ ಜಮ್ಮಾ ಹಿಡುವಳಿಯವರಿಗೂ (ಕೊಡಗಿನ ಹಳೇ ಪದ್ಧತಿಯ ವಂಶಪಾರಂಪರ್ಯ ಜಮೀನಿನವರು) 2029ರವರೆಗೆ ಇರೋ ವಿನಾಯಿತಿ ಕೋವಿ ಇಟ್ಟುಕೊಳ್ಳೋಕೆ ಅಷ್ಟೇ, ತೋಟಾ ಕಾರ್ಖಾನೆ ಹಾಕೋಕೆ ಅಲ್ಲ.

ಬಾಯ್ಸಿ_ಕನ್ನಡಿಗ:

ಎಲ್ಲರಿಗೂ ಥ್ಯಾಂಕ್ಸ್. ರಾಡ್‌ನಲ್ಲಿ ಅಳೆದೆ, 12 ಇಂಚೇ. 75 ಗ್ರೇನ್ ಆಸೆ ಬಿಟ್ಟೆ. ಗೆಳೆಯನಿಗೆ ಶೆಟ್ರು ಬರೆದಿದ್ದನ್ನ ಹಾಗೇ ಕಳಿಸಿದೆ, ಕೋರ್ಸ್‌ಗೆ ಹೆಸರು ಕೊಡ್ತೀನಿ ಅಂದ. ಒಂದು ಕೊನೆ ಪ್ರಶ್ನೆ ಭಟ್ಟರಿಗೆ: ತಕ್ಕಡಿ ಎಲೆಕ್ಟ್ರಾನಿಕ್ ತಗೊಳ್ಳಲಾ, ಹಳೇ ದಂಡದ್ದಾ? ಮತ್ತೆ ಬುಲೆಟ್ಟನ್ನ ಬ್ಯಾರೆಲ್‌ನ ಗೀರುಗಳಿಗೆ ತೀರ ಹತ್ತಿರ ಕೂರಿಸಿದರೆ ಗುರಿ ಚೆನ್ನಾಗಿ ಬರುತ್ತೆ ಅಂತ ಓದಿದೆ, ಹೌದಾ?

ಹಿತ್ತಾಳೆ_ಭಟ್ಟ:

ದಂಡದ ತಕ್ಕಡಿ. ನಿಧಾನ, ಆದರೆ ಕರೆಂಟ್ ಬೇಡ. ಅಗ್ಗದ ಎಲೆಕ್ಟ್ರಾನಿಕ್‌ನದು ಪಕ್ಕದಲ್ಲಿ ಫ್ಯಾನ್ ಹಾಕಿದ್ರೂ ಅಂಕಿ ಓಡಾಡುತ್ತೆ. ಯಾವುದೇ ಆಗಲಿ, ಚೆಕ್ ತೂಕ ಇಟ್ಟು ಶುರುವಿನಲ್ಲೊಮ್ಮೆ ಮಧ್ಯದಲ್ಲೊಮ್ಮೆ ನೋಡಿ.

ಕೂರಿಸೋ ಆಳದ ಬಗ್ಗೆ ಓದಿದ್ದು ಕೆಲವು ಬುಲೆಟ್‌ಗೆ ನಿಜ. ನಿಮ್ಮ 40 ಗ್ರೇನ್ ಗಿಡ್ಡ ಬುಲೆಟ್ ಗೀರಿನವರೆಗೆ ಚಾಚಬೇಕಂದ್ರೆ ಕೇಸಿನ ಬಾಯಲ್ಲಿ ಹಿಡಿಯೋಕೆ ಏನೂ ಉಳಿಯಲ್ಲ. ಮ್ಯಾಗಜಿನ್‌ಗೂ ಹೋಗಲ್ಲ. ಮೊದಲು ಪುಸ್ತಕದಲ್ಲಿರೋ ಒಟ್ಟು ಉದ್ದಕ್ಕೇ ಕೂರಿಸಿ. ಗರಿಷ್ಠ 2.260 ಇಂಚು. ಪ್ಲಾಸ್ಟಿಕ್ ತುದಿ ಇರೋದ್ರಿಂದ ಅಳತೆ ಒಂದೊಂದಕ್ಕೆ ಕೂದಲೆಳೆಯಷ್ಟು ಏರುಪೇರು ಇರುತ್ತೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮೊದಲ ಸಲ ಐದೈದು ಗುಂಡು ಮಾತ್ರ ತುಂಬಿ, ಬ್ಯಾರೆಲ್ ತಣ್ಣಗಾಗೋಕೆ ಬಿಟ್ಟು ಬಿಟ್ಟು ಹೊಡೀರಿ. ಮೂರು ಗುಂಡಿನ ಗುಂಪು ನೋಡಿ ಫೋಟೋ ಹಾಕೋರ ಮಾತು ನಂಬಬೇಡಿ. ಜುಲೈ ಹೊತ್ತಿಗೆ ಅಳಿಲುಗಳೆಲ್ಲ ನೆಲದೊಳಗೆ ಹೋಗಿಬಿಡ್ತವೆ, ಮತ್ತೆ ಹೊರಗೆ ಬರೋದು ಚಳಿಗಾಲದ ಕೊನೆಗೆ. ಅಷ್ಟರೊಳಗೆ ಕಾಗದದ ಮೇಲೆ ಅಭ್ಯಾಸ ಮಾಡಿ, ಬೇಕಾದಷ್ಟು ಟೈಮ್ ಇದೆ.