ಈ ವಾರದ ಪ್ರಶ್ನೋತ್ತರ: ಒಗೆಯುವ ಬುಟ್ಟಿಯಿಂದ ನಾಯಿ ಕಾಲುಚೀಲವನ್ನೇ ಕದಿಯುವುದೇಕೆ?

ಮೈಸೂರಿನ ಸದಸ್ಯರು: ನಮಸ್ಕಾರ ಮೇಡಂ. ನಮ್ಮ ಒಂದೂವರೆ ವರ್ಷದ ನಾಯಿಯು ಒಗೆಯಲು ಹಾಕಿದ ಬುಟ್ಟಿಯಲ್ಲಿ ಪಂಚೆ, ಶರ್ಟುಗಳನ್ನೆಲ್ಲ ಸರಿಸಿ ನನ್ನ ಬನಿಯನ್ ಮತ್ತು ಕಾಲುಚೀಲಗಳನ್ನು ಮಾತ್ರ ಹುಡುಕಿ ಒಯ್ಯುತ್ತದೆ. ಅದೇ ಬನಿಯನ್ ಒಗೆದು ತಂತಿಯ ಮೇಲೆ ಹಾಕಿದರೆ ಮೂಸಿಯೂ ನೋಡುವುದಿಲ್ಲ. ನನ್ನ ಹೆಂಡತಿಯ ಬಟ್ಟೆಗಳ ತಂಟೆಗೂ ಹೋಗುವುದಿಲ್ಲ. ಕಾರಣ ತಿಳಿಸಬೇಕೆಂದು ವಿನಂತಿ.

ಪಶುವೈದ್ಯೆ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ಸೋಪಿನ ನೀರಿನಲ್ಲಿ ನಿಮ್ಮ ವಾಸನೆ ಹೋದ ಮೇಲೆ ಅದು ನಾಯಿಯ ಪಾಲಿಗೆ ಬರಿಯ ಬಟ್ಟೆ. ಹೊಸ ಬೆವರಿಗೆ ವಾಸನೆ ಕಡಿಮೆ. ಕಂಕುಳು ಮತ್ತು ತೊಡೆಸಂದಿಯ ಸ್ರಾವವನ್ನು, ಬೂಟಿನೊಳಗೆ ನೆನೆದ ಪಾದದ ಬೆವರನ್ನು ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳು ಒಡೆದಾಗ ಹುಟ್ಟುವ ವಾಸನೆಯೇ ಬನಿಯನ್, ಒಳಉಡುಪು, ಕಾಲುಚೀಲ, ದಿಂಬಿನ ಚೀಲಗಳಲ್ಲಿ ಗಾಢವಾಗಿ ಉಳಿಯುತ್ತದೆ. ನಿಮಗೆ ಕೊಳೆ ಎನಿಸುವುದು ಅದಕ್ಕೆ ನಿಮ್ಮ ಗುರುತು. ಅಮೆರಿಕದ ಎಮರಿ ವಿಶ್ವವಿದ್ಯಾಲಯದಲ್ಲಿ ಗ್ರೆಗರಿ ಬರ್ನ್ಸ್ ಅವರ ತಂಡವು 12 ನಾಯಿಗಳಿಗೆ ಎಂಆರ್‌ಐ ಯಂತ್ರದಲ್ಲಿ ಅಲುಗದೆ ಮಲಗುವುದನ್ನು ಕಲಿಸಿ ಐದು ಬಗೆಯ ವಾಸನೆ ತೋರಿಸಿದಾಗ, ಹಿತವಾದುದರ ನಿರೀಕ್ಷೆಗೆ ಸಂಬಂಧಿಸಿದ ಮಿದುಳಿನ ಭಾಗವು ಪರಿಚಿತ ಮನುಷ್ಯರ ವಾಸನೆಗೇ ಹೆಚ್ಚು ಸ್ಪಂದಿಸಿತ್ತು. ಇನ್ನು ಕಾಲುಚೀಲವು ಮೃದು, ಬಾಯಳತೆಯದು, ಕಚ್ಚಿ ಒದರಲು ಅನುಕೂಲ. ನಿಮ್ಮ ಮನೆಯವರು ತಮ್ಮ ಬಟ್ಟೆಯನ್ನು ಬುಟ್ಟಿಗೆ ಹಾಕುತ್ತಾರೋ, ನೇರವಾಗಿ ನೆನೆಸುತ್ತಾರೋ, ಕೇಳಿ ಹೇಳಿ.

ಮೈಸೂರಿನ ಸದಸ್ಯರು: ನೇರವಾಗಿ ಬಕೆಟ್ಟಿನಲ್ಲಿ ನೆನೆಸುತ್ತಾರಂತೆ.

ಪಶುವೈದ್ಯೆ: ಸರಿ. ಹಾಗಾದರೆ ಬುಟ್ಟಿಯಲ್ಲಿ ಅವರ ವಾಸನೆಯ ಬಟ್ಟೆಯೇ ಇರುವುದಿಲ್ಲ.

ಬೆಂಗಳೂರಿನ ಸದಸ್ಯೆ: ನಾಲ್ಕು ತಿಂಗಳ ಮರಿಯು ಕಾಲುಚೀಲ, ಚಪ್ಪಲಿ, ಕಾಲೊರಸು ಎಲ್ಲವನ್ನೂ ಕಡಿಯುತ್ತಿದೆ.

ಪಶುವೈದ್ಯೆ: ಹಲ್ಲು ಬದಲಾಗುವ ವಯಸ್ಸು. ಅಗಿಯಲು ಗಟ್ಟಿ ರಬ್ಬರಿನ ಆಟಿಕೆ ಕೊಡಿ, ಚಪ್ಪಲಿ ಎತ್ತಿಡಿ.

ದಾವಣಗೆರೆಯ ಸದಸ್ಯರು: ಬೇರೊಂದು ಗುಂಪಿನಲ್ಲಿ ಬಂದ ಉಪಯುಕ್ತ ಮಾಹಿತಿ: ಬಟ್ಟೆ ತಿನ್ನುವುದು ಕ್ಯಾಲ್ಸಿಯಂ ಕೊರತೆಯ ಲಕ್ಷಣವಾದ್ದರಿಂದ ದಿನಕ್ಕೊಂದು ಚಮಚ ಸುಣ್ಣದ ತಿಳಿ ಕೊಡಬೇಕು, ನುಂಗಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಕು, ಬರದಿದ್ದರೆ ಹರಳೆಣ್ಣೆ ಹಾಕಬೇಕು. ಎಲ್ಲರಿಗೂ ಹಂಚಿರಿ.

ಪಶುವೈದ್ಯೆ: ಯಾರಿಗೂ ಹಂಚಬೇಡಿರಿ. ಸುಣ್ಣವು ಬಾಯಿ ಮತ್ತು ಅನ್ನನಾಳವನ್ನು ಸುಡುತ್ತದೆ. ಗಟ್ಟಿ ಉಪ್ಪುನೀರಿನಿಂದ ರಕ್ತದಲ್ಲಿ ಸೋಡಿಯಂ ಏರಿ ನಾಯಿ ನಡುಗುತ್ತದೆ, ಫಿಟ್ಸ್ ಬರುತ್ತದೆ, ಸಾಯಲೂಬಹುದು. ಕರುಳು ಕಟ್ಟಿಕೊಂಡಿರುವಾಗ ಹರಳೆಣ್ಣೆ ಕೊಟ್ಟರೆ, ಮುಂದೆ ದಾರಿಯಿಲ್ಲದೆ ಹಿಂಡುತ್ತಿರುವ ಕರುಳನ್ನು ಮತ್ತಷ್ಟು ಹಿಂಡಿದಂತಾಗುತ್ತದೆ. ಕಳೆದ ತಿಂಗಳೂ ಇದೇ ಸಂದೇಶವನ್ನು ಇಲ್ಲಿ ಅಳಿಸಲಾಗಿತ್ತು.

ಶಿವಮೊಗ್ಗದ ಸದಸ್ಯೆ: ನಮ್ಮ ಹೆಣ್ಣು ನಾಯಿ ಕಾಲುಚೀಲಗಳನ್ನು ಹರಿಯುವುದಿಲ್ಲ, ನುಂಗುವುದಿಲ್ಲ. ಮಂಚದ ಕೆಳಗೆ ಗುಡ್ಡೆ ಹಾಕಿಕೊಂಡು, ಅವುಗಳನ್ನು ನೆಕ್ಕುತ್ತಾ, ಹತ್ತಿರ ಹೋದರೆ ನಮ್ಮ ಮೇಲೆಯೇ ಗುರುಗುಟ್ಟುತ್ತಿದೆ.

ಪಶುವೈದ್ಯೆ: ಇದು ಸ್ವಾರಸ್ಯಕರ. ಒಂದೆರಡು ತಿಂಗಳ ಹಿಂದೆ ಬೆದೆಗೆ ಬಂದಿತ್ತೇ, ಮೊಲೆಗಳು ಊದಿವೆಯೇ, ನೋಡಿ. ಹೌದಾದರೆ ಇದು ಬಹುಶಃ ಹುಸಿ ಬಸಿರು. ಬೆದೆಯ ನಂತರ ಬಸಿರನ್ನು ಕಾಪಾಡುವ ಪ್ರೊಜೆಸ್ಟರಾನ್ ಹಾರ್ಮೋನು ಇಳಿದು, ಹಾಲು ಬರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ಏರಿದಾಗ, ಗಂಡಿನ ಸಂಗವೇ ಆಗದ ನಾಯಿಗೂ ತಾಯ್ತನದ ನಡವಳಿಕೆ ಬರುತ್ತದೆ. ಅದರ ಕಣ್ಣಿಗೆ ನಿಮ್ಮ ಕಾಲುಚೀಲಗಳು ಮರಿಗಳು. ಬೈಯಬೇಡಿ. ಹಾಲು ಬರುತ್ತದೆಯೇ ಎಂದು ಹಿಂಡಿ ನೋಡಲೂಬೇಡಿ, ಹಿಂಡಿದಷ್ಟೂ ಬರುತ್ತದೆ. ಹೊರಗೆ ತಿರುಗಾಡಿಸಲು ಹೋದಾಗ ಮನೆಯಲ್ಲಿದ್ದವರು ಗುಡ್ಡೆಯನ್ನು ಸದ್ದಿಲ್ಲದೆ ತೆಗೆದಿಡಲಿ. ಎರಡು ಮೂರು ವಾರಗಳಲ್ಲಿ ಇಳಿಯದಿದ್ದರೆ ತೋರಿಸಿ.

ಬಾಗಲಕೋಟೆಯ ಸದಸ್ಯರು: ಇವೆಲ್ಲ ವಿದೇಶಿ ತಳಿಗಳ ರೋಗಗಳು. ನಮ್ಮ ಮುಧೋಳ ನಾಯಿ ಎಂಟು ವರ್ಷಗಳಲ್ಲಿ ಒಂದು ಚಿಂದಿಯನ್ನೂ ಮುಟ್ಟಿಲ್ಲ.

ಬೆಂಗಳೂರಿನ ಸದಸ್ಯೆ: ನಿಮ್ಮ ನಾಯಿಗೆ ಓಡಲು ಹೊಲವಿದೆ. ಎರಡು ಕೋಣೆಯ ಮನೆಯಲ್ಲಿ ಕಟ್ಟಿದರೆ ಮುಧೋಳವೂ ಬುಟ್ಟಿಗೆ ಬಾಯಿ ಹಾಕುತ್ತದೆ.

ಬಾಗಲಕೋಟೆಯ ಸದಸ್ಯರು: ಎರಡು ಕೋಣೆಯ ಮನೆಯಲ್ಲಿ ನಾಯಿ ಸಾಕಲು ನಿಮಗೆ ಯಾರು ಹೇಳಿದರು?

ಹಾಸನದ ಸದಸ್ಯರು: ಬೆಕ್ಕುಗಳೂ ಹೀಗೆಯೇ ಬಟ್ಟೆ ಕದಿಯುತ್ತವೆಯೇ, ಮೇಡಂ?

ತುಮಕೂರಿನ ಸದಸ್ಯೆ: ನಡುವೆ ಬಂದದ್ದಕ್ಕೆ ಕ್ಷಮಿಸಿ. ನಮ್ಮ ಎರಡು ವರ್ಷದ ಲ್ಯಾಬ್ರಡಾರ್ ಭಾನುವಾರ ಮಗಳ ಶಾಲೆಯ ಕಾಲುಚೀಲವನ್ನು ಕಚ್ಚಿಕೊಂಡು ಓಡಿತು. ನಾವು ಮೂವರೂ ಅಟ್ಟಿಸಿಕೊಂಡು ಹೋಗಿ ಮೂಲೆಗೆ ನಿಲ್ಲಿಸಿ ಬಾಯಿ ಬಿಡಿಸುವಷ್ಟರಲ್ಲಿ ಗುಟುಕ್ಕನೆ ನುಂಗಿಬಿಟ್ಟಿತು. ಇಂದು ಬುಧವಾರ. ನಿನ್ನೆಯಿಂದ ಊಟ ಬಿಟ್ಟಿದೆ, ನೀರು ಕುಡಿದರೂ ವಾಂತಿಯಾಗುತ್ತಿದೆ, ಹಿಂದುಗಡೆಯಿಂದ ಬಿಳಿ ದಾರವೊಂದು ಇಣುಕುತ್ತಿದೆ. ಮೇಲೆ ಹೇಳಿದ ಹರಳೆಣ್ಣೆಯನ್ನು ಬೆಳಿಗ್ಗೆ ಎರಡು ಚಮಚ ಹಾಕಿದ್ದೇವೆ. ದಾರವನ್ನು ಎಳೆಯಬಹುದೇ?

ಪಶುವೈದ್ಯೆ: ಎಳೆಯಬೇಡಿ. ಮತ್ತೆ ಎಣ್ಣೆ, ನೀರು, ಆಹಾರ ಯಾವುದನ್ನೂ ಕೊಡಬೇಡಿ. ಇದನ್ನು ಓದಿ ಮುಗಿಸುತ್ತಲೇ ಹೊರಡಿ. ಆ ದಾರದ ಇನ್ನೊಂದು ತುದಿ ಒಳಗೆಲ್ಲೋ ಸಿಕ್ಕಿಕೊಂಡಿರಬಹುದು. ಲಾಡಿ ಎಳೆದಾಗ ಲಂಗವು ನೆರಿಗೆಗಟ್ಟುವಂತೆ ಕರುಳು ದಾರದ ಉದ್ದಕ್ಕೂ ನೆರಿಗೆಗಟ್ಟುತ್ತದೆ. ನೀವು ಎಳೆದರೆ ಆ ದಾರವೇ ಗರಗಸದಂತೆ ಕರುಳನ್ನು ಕೊಯ್ದು, ಹೊಟ್ಟೆಯೊಳಗೆ ಸೋಂಕು ಹರಡುತ್ತದೆ. ನುಂಗಿದ ಒಂದೆರಡು ಗಂಟೆಗಳಲ್ಲಿ ಬಂದಿದ್ದರೆ ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಬಹುದಿತ್ತು, ಜಠರದಲ್ಲೇ ಇದ್ದಿದ್ದರೆ ಎಂಡೋಸ್ಕೋಪಿಯಿಂದ ತೆಗೆಯಬಹುದಿತ್ತು. ನೀವು ಹೇಳುವ ಲಕ್ಷಣಗಳಿಗೆ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಹತ್ತಿರದ ಆಸ್ಪತ್ರೆಗೋ ಹೋಗಿ, ದಾರಿಯಲ್ಲೇ ಫೋನ್ ಮಾಡಿ ತಿಳಿಸಿ. ಬಟ್ಟೆಯು ಸಾದಾ ಎಕ್ಸ್‌ರೇಯಲ್ಲಿ ಕಾಣದೆ ಇರಬಹುದಾದ್ದರಿಂದ, ಏನೂ ಇಲ್ಲವೆಂದು ಮನೆಗೆ ಕಳುಹಿಸಿದರೆ ಸ್ಕ್ಯಾನಿಂಗ್ ಮಾಡಲು ಕೇಳಿ. ಎಣ್ಣೆ ಹಾಕಿದ್ದನ್ನು ಮುಚ್ಚಿಡಬೇಡಿ.

ಉಳಿದವರೂ ಓದಿಕೊಳ್ಳಿ. ಕದಿಯುವುದು ರೋಗವಲ್ಲ, ನುಂಗುವುದು ಅಪಾಯ. ಕದಿಯುವ ನಾಯಿಯನ್ನು ನುಂಗುವ ನಾಯಿಯನ್ನಾಗಿ ಮಾಡುವವರು ಅನೇಕ ವೇಳೆ ನಾವೇ. ಮೊದಲ ದಿನ ಅಟ್ಟಿಸಿಕೊಂಡು ಹೋದಾಗ ಅದಕ್ಕೆ ಆಟವೆನಿಸುತ್ತದೆ. ಪ್ರತಿ ಸಲ ಬಾಯಿಗೆ ಬೆರಳು ಹಾಕಿ ಕಿತ್ತುಕೊಂಡಾಗ, ಉಳಿಸಿಕೊಳ್ಳಲು ಹೊಟ್ಟೆಯೇ ಸುರಕ್ಷಿತ ಜಾಗವೆಂದು ಕಲಿಯುತ್ತದೆ. ಓಡಬೇಡಿ, ಕೂಗಬೇಡಿ. ಬೇಯಿಸಿದ ಕೋಳಿಯ ಚೂರನ್ನೋ ಪನೀರನ್ನೋ ನೆಲದ ಮೇಲೆ ಇಟ್ಟು, ಅದು ಬಾಯಿ ಬಿಟ್ಟ ಮೇಲೆ ಬಟ್ಟೆ ತೆಗೆದುಕೊಳ್ಳಿ. ಬುಟ್ಟಿಗೆ ಮುಚ್ಚಳ ಹಾಕಿ. ದೊಡ್ಡ ನಾಯಿ ಬಟ್ಟೆಯನ್ನು, ಮಣ್ಣನ್ನು ನಿಜವಾಗಿ ತಿನ್ನುತ್ತಿದ್ದರೆ ರಕ್ತಪರೀಕ್ಷೆ ಮಾಡಿಸಿ. ನಮ್ಮ ಕಡೆ ಉಣ್ಣಿ ಕಚ್ಚಿ ಬರುವ ಜ್ವರದಿಂದ ರಕ್ತಹೀನತೆಯಾಗಿ ಹೀಗೆ ತಿನ್ನುವ ನಾಯಿಗಳೂ ಇವೆ.

ಬಾಗಲಕೋಟೆಯ ಸದಸ್ಯರು: ಲ್ಯಾಬ್ರಡಾರ್ ಎಂದ ಮೇಲೆ ಹೇಳಬೇಕೇ? ಹೊಟ್ಟೆಬಾಕ ತಳಿ.

ಪಶುವೈದ್ಯೆ: ಸುಮಾರು ಕಾಲು ಭಾಗದಷ್ಟು ಲ್ಯಾಬ್ರಡಾರ್‌ಗಳಲ್ಲಿ ಹಸಿವನ್ನು ಹೆಚ್ಚಿಸುವ ಜೀನ್ ದೋಷವಿರುವುದನ್ನು ಕೇಂಬ್ರಿಜ್ ವಿಶ್ವವಿದ್ಯಾಲಯದವರು 2016ರಲ್ಲಿ ತೋರಿಸಿದ್ದಾರೆ. ಆದರೆ ಅದನ್ನು ಆಡಿಕೊಳ್ಳಲು ಇದು ಸಮಯವಲ್ಲ.

ದಾವಣಗೆರೆಯ ಸದಸ್ಯರು: ಒಳ್ಳೆಯ ಉದ್ದೇಶದಿಂದ ಹಾಕಿದ ಸಂದೇಶಕ್ಕೆ ಇಷ್ಟು ಕಟುವಾಗಿ ಉತ್ತರಿಸಬೇಕಿರಲಿಲ್ಲ. ನಮ್ಮ ಅಜ್ಜಿಯ ಕಾಲದಿಂದಲೂ ಹರಳೆಣ್ಣೆ ಕೊಡುತ್ತಿದ್ದರು.

ಬೆಂಗಳೂರಿನ ಸದಸ್ಯೆ: ನಿಮ್ಮ ಅಜ್ಜಿಯ ನಾಯಿ ಇಲಾಸ್ಟಿಕ್ ಕಾಲುಚೀಲ ನುಂಗಿತ್ತೇ?

ದಾವಣಗೆರೆಯ ಸದಸ್ಯರು: ಹಿರಿಯರ ಬಗ್ಗೆ ಮಾತನಾಡುವಾಗ ಎಚ್ಚರವಿರಲಿ.

ಕಲಬುರಗಿಯ ಸದಸ್ಯರು: ಕಾಲುಚೀಲಕ್ಕೆ ಖಾರದ ಪುಡಿ ಸವರಿದರೆ ಬಿಡುತ್ತದೆಯೇ, ಮೇಡಂ?

ಪಶುವೈದ್ಯೆ: ಬೇಡ. ಕಣ್ಣು ಮೂಗು ಉರಿಯುತ್ತದೆ. ಬುಟ್ಟಿಗೆ ಮುಚ್ಚಳ.

ಮೈಸೂರಿನ ಸದಸ್ಯರು: ನನ್ನ ನಾಯಿ ನುಂಗುವುದಿಲ್ಲ, ಬನಿಯನ್ ಮೇಲೆ ಮಲಗುತ್ತದೆ ಅಷ್ಟೇ. ಒಂದು ಹಳೆಯದನ್ನು ಅದಕ್ಕೇ ಕೊಟ್ಟುಬಿಡಬಹುದೇ?

ತುಮಕೂರಿನ ಸದಸ್ಯೆ: ಮೇಡಂ, ರಾತ್ರಿಯೇ ಆಪರೇಷನ್ ಆಯಿತು. ಒಂದಲ್ಲ, ಎರಡು ಕಾಲುಚೀಲಗಳು ಸಿಕ್ಕಿದವು. ಎರಡನೆಯದು ಕಳೆದಿದೆಯೆಂಬುದೇ ನಮಗೆ ತಿಳಿದಿರಲಿಲ್ಲ. ಕರುಳು ಎಲ್ಲಿಯೂ ತೂತಾಗಿಲ್ಲವಂತೆ.

ಪಶುವೈದ್ಯೆ: ಸಮಾಧಾನವಾಯಿತು. ಮುಂದಿನ ನಾಲ್ಕೈದು ದಿನ ಅಪಾಯ ಪೂರ್ತಿ ಕಳೆದಿರುವುದಿಲ್ಲ. ಜ್ವರ, ವಾಂತಿ, ಮಂಕು ಕಂಡರೆ ಕಾಯಬೇಡಿ. ಹೊಲಿಗೆ ನೆಕ್ಕದಂತೆ ಕೊರಳಿಗೆ ಹಾಕಿರುವ ಅಗಲ ಪಟ್ಟಿಯನ್ನು ತೆಗೆಯಬೇಡಿ.

ವಿಜಯಪುರದ ಸದಸ್ಯರು: ಗುಂಪಿಗೆ ಇಂದೇ ಸೇರಿದ್ದೇನೆ. ನಮ್ಮ ನಾಯಿ ಕಾಲುಚೀಲ ಕದಿಯುತ್ತದೆ. ಸುಣ್ಣದ ತಿಳಿ ಎಷ್ಟು ಚಮಚ ಕೊಡಬೇಕು?

ಪಶುವೈದ್ಯೆ: ಮೊದಲಿನಿಂದ ಓದಿ.