ಗ್ರ್ಯಾಂಡ್‌ಮಾಸ್ಟರ್ ಎದುರು ಪ್ರೋಗ್ರಾಮಿಗೆ ಯಾವ ಓಪನಿಂಗ್?

ಪ್ರಶ್ನೆ (ಕೋಥ್ರುಡ್, ಪುಣೆ):
ನಾನೇ ಬರೆದ ಚದುರಂಗದ ಪ್ರೋಗ್ರಾಮು ಮುಂದಿನ ತಿಂಗಳು ನಮ್ಮ ಸೊಸೈಟಿಯಲ್ಲಿ ಗ್ರ್ಯಾಂಡ್‌ಮಾಸ್ಟರ್ ಒಬ್ಬರೊಡನೆ ಆಡಲಿದೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಅದು ಎರಡೂ ಕಡೆಯ ನಾಲ್ಕು ನಾಲ್ಕು ನಡೆಗಳಷ್ಟೇ ಮುಂದೆ ನೋಡಬಲ್ಲದು. ಬಿಳಿ ಕಾಯಿ ನಮ್ಮದು. ಓಪನಿಂಗ್ ಆಗಿ, ಅಂದರೆ ಆಟದ ಮೊದಲ ಸಿದ್ಧ ನಡೆಗಳಾಗಿ, ದಾಳಿಗಾಗಿ ಒಂದು ಪ್ಯಾದೆಯನ್ನು ಬಿಟ್ಟುಕೊಡುವ ಕಿಂಗ್ಸ್ ಗ್ಯಾಂಬಿಟ್ ತುಂಬಿಸಲೇ?

ಉತ್ತರ (ಮಾಟುಂಗಾ, ಮುಂಬೈ):
ಬೇಗ ತೆರೆದುಕೊಳ್ಳುವ ಸ್ಕಾಚ್ ಆಟ ಎಂಬ ಓಪನಿಂಗನ್ನು ಆರಿಸಿಕೊಳ್ಳಿ. ಪ್ಯಾದೆಗಳು ಎದುರುಬದುರು ನಿಂತು ಬೀಗ ಬಿದ್ದ ಸ್ಥಿತಿಯಲ್ಲಿ ಮನುಷ್ಯನು ಬಹುದೂರದ ಯೋಜನೆ ಹೂಡುತ್ತಾನೆ, ನಿಮ್ಮ ಯಂತ್ರವೋ ಆನೆಯನ್ನು ಅತ್ತಿತ್ತ ಸರಿಸುತ್ತ ಕೂರುತ್ತದೆ. ಕಪ್ಪಿನವರು ಫ್ರೆಂಚ್ ರಕ್ಷಣೆ ಎಂಬ ಓಪನಿಂಗ್ ಆಡಿದರೆ, ಬೀಗ ಬೀಳದಂತೆ ಮೂರನೆಯ ನಡೆಯಲ್ಲೇ ಡಿ5 ಮನೆಯ ಪ್ಯಾದೆಯನ್ನು ಹೊಡೆಸಿ. ತುಂಬಿಸಿಟ್ಟ ನಡೆಗಳ ಬಲಕ್ಕೆ ಒಂದು ಉದಾಹರಣೆ: 1997ರಲ್ಲಿ ಐಬಿಎಂನ ಚದುರಂಗದ ಯಂತ್ರ ಡೀಪ್ ಬ್ಲೂ ಎದುರಿನ ಆರನೆಯ ಆಟದಲ್ಲಿ ವಿಶ್ವ ಚಾಂಪಿಯನ್ ಕಾಸ್ಪರೋವ್ ಕಾರೋ-ಕಾನ್ ರಕ್ಷಣೆ ಆಡಿ ಏಳನೆಯ ನಡೆಯಾಗಿ ಪ್ಯಾದೆಯನ್ನು ಎಚ್6ಕ್ಕೆ ದೂಡಿದರು. ಯಂತ್ರ ಇ6ರಲ್ಲಿ ಕುದುರೆಯನ್ನು ಬಲಿಕೊಟ್ಟು 19 ನಡೆಗಳಲ್ಲಿ ಗೆದ್ದಿತು. ಆ ಬಲಿ ಯಂತ್ರದ ಪುಸ್ತಕದಲ್ಲಿ, ಅಂದರೆ ಓಪನಿಂಗ್ ನಡೆಗಳ ಸಂಗ್ರಹದಲ್ಲಿ, ಮೊದಲೇ ತುಂಬಿಸಿಟ್ಟದ್ದು.

ಉತ್ತರ (ಡೊಂಬಿವಲಿ):
ಗ್ಯಾಂಬಿಟ್ ಬೇಡ ಸ್ವಾಮಿ. ಪುಸ್ತಕ ಮುಗಿದ ಕೂಡಲೇ ನಿಮ್ಮ ಪ್ರೋಗ್ರಾಮು ಒಂದು ಪ್ಯಾದೆ ಕಡಿಮೆಯಿದೆಯೆಂದು ಕಂಡು, ದಾಳಿಯನ್ನು ಬಿಟ್ಟು ಅದನ್ನು ವಾಪಸು ಪಡೆಯಲು ಹೊರಡುತ್ತದೆ. ನನ್ನದೂ ಹೀಗೆಯೇ ರಾಣಿಯನ್ನು ಮೂಲೆಗೆ ಕಳಿಸಿ ಸೋತಿತ್ತು. ಪುಸ್ತಕದ ಪ್ರತಿ ಸಾಲಿನ (ನಡೆಗಳ ಸರಣಿಯ) ಕೊನೆಯ ಸ್ಥಿತಿಯಿಂದ ಪ್ರೋಗ್ರಾಮನ್ನೇ ಆಡಿಸಿ ನೋಡಿ, ಒಗ್ಗದ ಸಾಲುಗಳನ್ನು ಅಳಿಸಿಬಿಡಿ.

ಪ್ರಶ್ನೆ ಕೇಳಿದವರು:
ಇಂದು ರಾತ್ರಿಯೇ ಸ್ಕಾಚ್ ತುಂಬಿಸಿ ಆಡಿಸುತ್ತೇನೆ.