ಪದಚರ್ಚೆ: ಪ್ರಾಸ್ಟೇಟಿನ ‘ಕ್ಯಾಲ್ಸಿಫಿಕೇಶನ್’ಗೆ ಏನನ್ನೋಣ? (ಅರ್ಜೆಂಟ್)

ಬಾಗಲಕೋಟೆಯಿಂದ:
ಗೆಳೆಯರೇ, ಇಲ್ಲಿನ ಸ್ಕ್ಯಾನಿಂಗ್ ಸೆಂಟರ್ ಒಂದಕ್ಕೆ ರೋಗಿಗಳ ಕೈಗೆ ಕೊಡುವ ಕನ್ನಡ ಚೀಟಿ ಬೇಕಾಗಿದೆ. ನಾಳೆ ಸಂಜೆ ಪ್ರಿಂಟಿಗೆ ಹೋಗುತ್ತದೆ. ಪ್ರಾಸ್ಟೇಟ್ ಅಂದರೆ ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಗ್ರಂಥಿ. ಅದರೊಳಗೆ ಕ್ಯಾಲ್ಸಿಯಂ ಕೂಡಿಕೊಂಡರೆ (ಅದೇ ಕ್ಯಾಲ್ಸಿಫಿಕೇಶನ್) ಸೋನೋಗ್ರಫಿಯಲ್ಲಿ ಬೆಳ್ಳಗೆ ಹೊಳೆಯುವ ಚುಕ್ಕೆ ಕಾಣುತ್ತದೆ. ಚುಕ್ಕೆ ದೊಡ್ಡದಿದ್ದರೆ ಅದರ ಹಿಂದೆ ಕಪ್ಪು ನೆರಳು ಬೀಳುತ್ತದೆ. ನಾನು ‘ಹರಳು’ ಅಂತ ಬರೆದಿದ್ದೆ. ಡಾಕ್ಟರು ಬೇಡ ಅಂದರು. ಹರಳು ಅಂದ ಕೂಡಲೇ ಜನ ‘ಆಪರೇಶನ್ ಯಾವಾಗ’ ಅಂತ ಕೇಳುತ್ತಾರಂತೆ. ಇದು ಬಹಳ ಸಲ ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿದಾಗ ಕಣ್ಣಿಗೆ ಬೀಳುವಂಥದ್ದು. ಹೆಚ್ಚಿನವರಿಗೆ ಚಿಕಿತ್ಸೆಯೇ ಬೇಕಿಲ್ಲ. ‘ಸುಣ್ಣ ಕಟ್ಟಿದೆ’ ಅನ್ನಬಹುದಾ?

ವಿಜಯಪುರದಿಂದ:
ಅನ್ನಲೇಬೇಕು. ಲ್ಯಾಟಿನ್ನಿನ ‘ಕ್ಯಾಲ್ಕ್ಸ್’ ಅಂದರೂ ಸುಣ್ಣವೇ. ಸುಣ್ಣ ಅಚ್ಚಗನ್ನಡ. ಹಾಗೇ ಪ್ರಾಸ್ಟೇಟನ್ನೂ ತೆಗೆಯಿರಿ. ಗ್ರೀಕಿನಲ್ಲಿ ಅದಕ್ಕೆ ‘ಮುಂದೆ ನಿಂತವನು’ ಎಂದರ್ಥ. ‘ಮುನ್ನಿಲುಗ’ ಅಂತ ಹಾಕಿ.

ಬೆಳಗಾವಿಯಿಂದ:
ಸುಣ್ಣ ಅಚ್ಚಗನ್ನಡ ಅಲ್ಲ ಸರ್, ಸಂಸ್ಕೃತದ ‘ಚೂರ್ಣ’ದ ತದ್ಭವ. ಇನ್ನು ಮುನ್ನಿಲುಗ! ಇಲ್ಲಿ ಮರಾಠಿಯವರು ‘ಪುರಸ್ಥ ಗ್ರಂಥಿ’ ಅಂತ ಬರೆಯುತ್ತಾರೆ. ಅದೂ ಅದೇ ಗ್ರೀಕಿನ ನೆರಳು. ಆದರೆ ಮಾತಿಗೆ ಬಂದರೆ ಅವರೂ ಪ್ರಾಸ್ಟೇಟ್ ಅಂತಲೇ ಅನ್ನುತ್ತಾರೆ. ನನಗೆ ಚಿಂತೆ ಬೇರೆ. ಸುಣ್ಣ ಅಂತ ಬರೆದರೆ ಅಜ್ಜ ಎಲೆ-ಅಡಿಕೆಗೆ ಸುಣ್ಣ ಹಚ್ಚುವುದನ್ನು ಬಿಡುತ್ತಾನೆ. ಕ್ಯಾಲ್ಸಿಯಂ ಅಂದರೆ ಹಾಲು ಬಿಡುತ್ತಾನೆ. ಎರಡರಿಂದಲೂ ಬಂದದ್ದಲ್ಲ ಇದು. ಗ್ರಂಥಿಯ ರಸ ಒಳಗೇ ನಿಂತು ಗಟ್ಟಿಯಾಗಿರುತ್ತದೆ, ಕೆಲವರಲ್ಲಿ ಹಳೆಯ ಉರಿಯೂತ ಇರುತ್ತದೆ.

ವಿಜಯಪುರದಿಂದ:
ತದ್ಭವ ಆದಮೇಲೆ ಅದು ನಮ್ಮದೇ. ಸಕ್ಕರೆಯನ್ನೂ ‘ಶರ್ಕರಾ’ ಅಂತ ವಾಪಸ್ ಕೊಡುತ್ತೀರಾ? ಮರಾಠಿ ಕೇಳಿದವರು ಯಾರು?

ಬೆಳಗಾವಿಯಿಂದ:
ಬಳಸಿ ಬಳಸಿ ನಮ್ಮದಾಗುವುದಾದರೆ ಪ್ರಾಸ್ಟೇಟ್ ಏನು ಪಾಪ ಮಾಡಿತ್ತು? ಸುಮ್ನೆ ಪದ ಹೊಸೆಯಬೇಡಿ. ಚೀಟಿ ಓದುವವನು ಮೊದಲೇ ಹೆದರಿರುತ್ತಾನೆ.

ಬಾಗಲಕೋಟೆಯಿಂದ:
ಇಬ್ಬರಿಗೂ ಥ್ಯಾಂಕ್ಸ್. ಹೀಗೆ ಬರೆದಿದ್ದೇನೆ: ‘ನಿಮ್ಮ ಪ್ರಾಸ್ಟೇಟ್ ಗ್ರಂಥಿಯಲ್ಲಿ ಅಲ್ಲಲ್ಲಿ ಗಟ್ಟಿ ಚುಕ್ಕೆಗಳಿವೆ. ಇಷ್ಟರಿಂದಲೇ ಕ್ಯಾನ್ಸರ್ ಎಂದಲ್ಲ. ಊಟ-ತಿಂಡಿ ಬದಲಿಸಬೇಕಿಲ್ಲ. ಮೂತ್ರಕ್ಕೆ ತೊಂದರೆ ಇದ್ದರೆ ಡಾಕ್ಟರಿಗೆ ತಿಳಿಸಿ.’ ಇನ್ನೊಂದು ಉಳಿದಿದೆ. ಗುದದ್ವಾರದಿಂದ ಮಾಡುವ ಸ್ಕ್ಯಾನಿಗೆ ಬಾಗಿಲ ಮೇಲೆ ಬೋರ್ಡ್ ಬೇಕಂತೆ. ನಾಚಿಕೆಯಾಗದ ಹಾಗೆ, ಆದರೆ ಅರ್ಥವಾಗುವ ಹಾಗೆ ಏನು ಬರೆಯಲಿ? ಮುನ್ನಿಲುಗ ಬಿಟ್ಟು ಹೇಳಿ.